ಕೆಂಪು ಪೆಂಡಾಲದ ಕೆಳಗೆ ಮೂರು ಕ್ಯಾಮೆರಾ

ಒಂದು ಹೆಸರು ಹೇಳಬೇಕಿತ್ತು, ನಾನು ಹೇಳಲಿಲ್ಲ. ಉದ್ದನೆಯ ಹೆಸರೇನೂ ಅಲ್ಲ. ನೀಲಾ. ನನ್ನ ತಂಗಿ. ನೀಲಾ ನೀರು ತಾ, ನೀಲಾ ನನ್ನ ಅಂಗಿ ಎಲ್ಲಿ, ನೀಲಾ ಬಾಗಿಲು ತೆಗಿ ಎಂದು ಬೆಳಗಿನಿಂದ ಕೂಗುತ್ತಿದ್ದ ಹೆಸರು ಬೇಕಾದ ಒಂದು ಗಳಿಗೆಯಲ್ಲಿ ನನ್ನ ಬಾಯಿಂದ ಹೊರಡಲಿಲ್ಲ. ಮಾತು ಹೊರಡಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ನಾನು ಬಾಯಿ ತೆರೆಯಲಿಲ್ಲ, ಅದರ ಬದಲು ಕೈ ಚಾಚಿದೆ. ಆ ಕೈಗೆ ಬಂದದ್ದರಿಂದಲೇ ಹೆಂಡತಿ ಮಕ್ಕಳನ್ನು ಸಾಕಿದೆ, ಮನೆಗೆ ಮಾಳಿಗೆ ಏರಿಸಿದೆ, ನಾಲ್ಕು ಜನರಿಂದ 'ಈರಣ್ಣಾರ' ಎಂದು ಕರೆಸಿಕೊಂಡೆ. ನನಗೆ ಓದು ಹತ್ತಲಿಲ್ಲ. ಎಂಟನೆಯ ಇಯತ್ತೆಯಲ್ಲಿ ಕೂತಲ್ಲೇ ಕೂತು ಸಾಲಿ ಬಿಟ್ಟವನು. ಬರವಣಿಗೆಯಲ್ಲಿ ಸೊಟ್ಟ ಇದ್ದರೆ ಓದುವವರು ತಿದ್ದಿಕೊಳ್ಳಲಿ. ಇದನ್ನು ಬರೆಯುವಾಗ ನನ್ನ ಮೈಯೆಲ್ಲ ಸಿಟ್ಟು. ಆ ಸಿಟ್ಟನ್ನು ಮಾತ್ರ ಯಾರೂ ತಿದ್ದುವುದು ಬೇಡ.

ಬೈಲಹೊಂಗಲದ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಾವಿರುವುದಕ್ಕಿಂತ ಸಾಮಾನು ಇಡುವುದಕ್ಕೆಂದೇ ಕಟ್ಟಿಸಿದಂತಿತ್ತು. ಅಪ್ಪ ಮದುವೆಗಳಿಗೆ ಪೆಂಡಾಲ ಹಾಕುತ್ತಿದ್ದ. ಪಡಸಾಲೆಯಲ್ಲಿ ಮಡಚಿದ ಕಬ್ಬಿಣದ ಕುರ್ಚಿಗಳು ಗೋಡೆಗೆ ಒರಗಿ ನಿಂತಿರುತ್ತಿದ್ದವು. ಓಡಾಡುವಾಗ ಮೊಣಕಾಲಿಗೆ ಒಂದು ತಾಗಿದರೆ ಸಾಕು, ಸಾಲಿಗೆ ಸಾಲೇ ಬಿದ್ದು ಓಣಿಯವರೆಲ್ಲ ಇಣುಕುತ್ತಿದ್ದರು. ಅಡುಗೆಮನೆಗೆ ಹೋಗುವ ದಾರಿಯಲ್ಲಿ ತಾಮ್ರದ ಕೊಪ್ಪರಿಗೆಗಳು. ಅಪ್ಪನ ಸಿಟ್ಟು ಏರಿದಾಗ ಸಣ್ಣವರಿದ್ದ ನಾನೂ ನೀಲಾನೂ ದೊಡ್ಡ ಕೊಪ್ಪರಿಗೆಯೊಳಗೆ ಮೊಣಕಾಲು ಮಡಚಿಕೊಂಡು ಅಡಗುತ್ತಿದ್ದೆವು. ಅವಳು ನನ್ನ ಬಾಯಿ ಮುಚ್ಚಿ ಹಿಡಿಯುತ್ತಿದ್ದಳು, ಯಾಕೆಂದರೆ ಮೊದಲು ಅಳುವವನು ಯಾವಾಗಲೂ ನಾನೇ. ಅಟ್ಟದ ಮೇಲೆ ಪೆಂಡಾಲದ ಬಟ್ಟೆ. ಎಲ್ಲವೂ ಕೆಂಪು, ಅಂಚಿಗೆ ಮಾತ್ರ ಹಳದಿ ಪಟ್ಟಿ. ಅಪ್ಪನ ಲೆಕ್ಕದಲ್ಲಿ ಮದುವೆ ಎಂದರೆ ಕೆಂಪು, ಬೇರೆ ಬಣ್ಣದ ಮಾತೇ ಇಲ್ಲ. ಒದ್ದೆ ಬಟ್ಟೆಯನ್ನು ಹಿತ್ತಲಲ್ಲಿ ಎತ್ತರಕ್ಕೆ ಹರವಿದ ದಿನ ಒಲೆಯ ಮುಂದೆ ಅವ್ವ ಬಡಿಯುತ್ತಿದ್ದ ರೊಟ್ಟಿ ಕೂಡ ಕೆಂಪಾಗಿ ಕಾಣುತ್ತಿತ್ತು.

ಊಟಕ್ಕೆ ಅಪ್ಪನ ಪಕ್ಕ ನಾನು ಕೂಡುತ್ತಿದ್ದೆ. ನೀಲಾ ಬಡಿಸುತ್ತಿದ್ದಳು. ಅವಳು, ಅವ್ವ, ಅಪ್ಪನ ತಾಯಿಯಾದ ನಮ್ಮ ಆಯಿ, ಮೂವರೂ ಆಮೇಲೆ ಉಣ್ಣುತ್ತಿದ್ದರು. ಮೊಸರಿನ ಕೆನೆ ನನ್ನ ತಾಟಿಗೆ ಬೀಳುತ್ತಿತ್ತು. ಕೆನೆಯ ಜೊತೆಗೇ ಬೈಗುಳವೂ ಬೀಳುತ್ತಿತ್ತು.

"ತಂಗಿ ಪೇಪರ್ ಓದಿ ಹೇಳತಾಳ. ನೀ ಕೆನಿ ತಿಂತಿ. ಎಮ್ಮಿಗೆ ಹಿಂಡಿ ಹಾಕಿದ್ರ ಹಾಲರ ಕೊಡತೈತಿ. ನೀ ಏನ ಕೊಡತೀಪಾ?"

ಬೈದವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ತಾಟಿಗೆ ರೊಟ್ಟಿ ಹಾಕುತ್ತಿದ್ದವಳ ಮೇಲೆ. ಅವಳು ಹತ್ತನೆಯ ಇಯತ್ತೆಯನ್ನು ಚೆನ್ನಾಗಿ ಮುಗಿಸಿದಾಗ ನಾನು ಪೆಂಡಾಲದ ಗೂಟ ಬಡಿಯುವುದಕ್ಕೆ ಹೋಗುತ್ತಿದ್ದೆ. ಅದನ್ನೂ ನೆಟ್ಟಗೆ ಬಡಿಯುತ್ತಿರಲಿಲ್ಲ.

ಆ ವರ್ಷ ಪೆಂಡಾಲ ಹೇಳಲು ಬಂದವರೆಲ್ಲ "ವಿಡಿಯೋನೂ ನಿಮ್ಮದ ಐತೇನ್ರಿ?" ಎಂದು ಕೇಳತೊಡಗಿದರು. ಇಲ್ಲ ಎಂದರೆ ವಿಡಿಯೋ ಇದ್ದವನ ಕಡೆ ಹೋಗುತ್ತಿದ್ದರು. ಅಪ್ಪ ಕ್ಯಾಮೆರಾ ಕೊಳ್ಳಲು ಹೊರಟ. ಸವದತ್ತಿಯ ಸ್ಟುಡಿಯೋದವನೊಬ್ಬ ತನ್ನ ಹಳೆಯ, ಹೆಗಲ ಮೇಲೆ ಹೊರುವ ದೊಡ್ಡ ಕ್ಯಾಮೆರಾ ಮಾರುವವನಿದ್ದ. ಕಿತ್ತೂರಿನವನೊಬ್ಬ ದುಬೈಯಿಂದ ನಡುಗಾತ್ರದ್ದೊಂದು ತಂದಿದ್ದ. ನಮ್ಮೂರ ಟಿವಿ ಅಂಗಡಿಯವ ಹುಬ್ಬಳ್ಳಿಯಿಂದ ಹೊಸದನ್ನು ತರಿಸುತ್ತೇನೆ ಎನ್ನುತ್ತಿದ್ದ. ಅದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಮೂವರೂ ತಮ್ಮದೇ ಚಲೋ ಎಂದರು. ಕ್ಯಾಮೆರಾದ ಮಾಹಿತಿಯ ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅಪ್ಪ ಅವನ್ನು ನೀಲಾಳ ಮುಂದೆ ಇಟ್ಟ. ಉಣ್ಣುತ್ತ, ಎಲ್ಲರ ಎದುರು, ಅವನು ಹೇಳಿದ ಮಾತು ಇದು:

"ಬರೋಬ್ಬರಿ ನೋಡಿ ಆರಿಸವಾ. ಆರಿಸಾಕೀನೂ ನೀನ, ನಡಸಾಕೀನೂ ನೀನ. ಮದಮಗಳ ಕೋಣಿಯೊಳಗ ಗಂಡಸರು ಹೋದ್ರ ಹೆಣ್ಮಕ್ಕಳು ಸೆರಗ ಎಳಕೋತಾರು. ನೀ ಹೋದ್ರ ನಕ್ಕೋತ ನಿಂದರತಾರು. ಧಂದೆಕ್ಕೂ ಚಲೋ."

ನಾನು ಅಲ್ಲೇ ಇದ್ದೆ. ನನ್ನ ಬಾಯಲ್ಲಿ ಶೇಂಗಾ ಚಟ್ನಿ ಇತ್ತು. ನೀಲಾಳ ಕೈಯ ಸೌಟು ಗಾಳಿಯಲ್ಲಿ ನಿಂತದ್ದನ್ನೂ, ಸಾರು ಹನಿದು ಅಪ್ಪನ ತಾಟಿನ ಅಂಚಿಗೆ ಬಿದ್ದದ್ದನ್ನೂ ನೋಡಿದೆ. ಮುಂದೆ ಬಂಧುಗಳು 'ನಿಮ್ಮಪ್ಪ ಹಂಗ ಅಂದಿರಲಿಕ್ಕಿಲ್ಲ ಬಿಡೋ' ಎಂದಾಗಲೆಲ್ಲ ಸಾರಿನ ಈ ಹನಿ ನನ್ನ ಕಣ್ಣ ಮುಂದೆ ಬರುತ್ತದೆ. ಅಂದಿದ್ದ. ಸ್ಪಷ್ಟವಾಗಿ ಅಂದಿದ್ದ.

ಅವಳು ಕಾಗದ ಓದಿದ್ದಷ್ಟಕ್ಕೇ ಬಿಡಲಿಲ್ಲ. ಮೂರೂ ಕ್ಯಾಮೆರಾ ಒಂದೇ ದಿನ, ಒಂದೇ ಹೊತ್ತಿಗೆ, ನಮ್ಮ ಹಿತ್ತಲಿಗೇ ಬರಬೇಕು ಎಂದು ಹಟ ಹಿಡಿದಳು. ಬೇರೆ ಬೇರೆ ದಿನ ನೋಡಿದರೆ ಬಿಸಿಲೂ ಬೇರೆ, ಹೋಲಿಸುವುದು ಹೇಗೆ ಎಂಬುದು ಅವಳ ವಾದ. ಟಿವಿ ಅಂಗಡಿಯವ ತೋರಿಸಲೆಂದು ಹುಬ್ಬಳ್ಳಿಯಿಂದ ಒಂದನ್ನು ಎರವಲು ತಂದ. ಮೂವರೂ ಬಂದು ನಮ್ಮ ಕಬ್ಬಿಣದ ಕುರ್ಚಿಗಳ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ನೀಲಾ ಅಟ್ಟದಿಂದ ಪೆಂಡಾಲದ ಕೆಂಪು ಬಟ್ಟೆ ಇಳಿಸಿ ಹಿತ್ತಲ ತುಂಬ ಕಟ್ಟಿಸಿದಳು. ನನ್ನ ಹಣೆಗೆ ಬಾಸಿಂಗ ಕಟ್ಟಿ ಹಲಗೆಯ ಮೇಲೆ ಕೂಡಿಸಿದಳು. ನನ್ನ ಪಕ್ಕ ಮದುಮಗಳಾಗಿ ಆಯಿ. ಆಯಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕಿರಲಿಲ್ಲ.

"ನಿನ್ನ ಮುತ್ಯಾನೂ ಹಿಂಗ ಕಳ್ಳನಗತೆ ಕುಂತಿದ್ದ ನೋಡು. ಕತ್ತ ಎತ್ತೋ ಗಂಡಾ, ನಾ ಏನ ನಿನ್ನ ತಿಂತೇನೇನು?"

ಅವ್ವ ನಕ್ಕು ನಕ್ಕು ಅಕ್ಷತೆಯ ಅಕ್ಕಿಕಾಳು ಒಗೆದಳು. ನೀಲಾ ಒಂದಾದ ಮೇಲೆ ಒಂದು ಕ್ಯಾಮೆರಾ ಹಿಡಿದು ಅಷ್ಟನ್ನೂ ತೆಗೆದಳು, ಪ್ರತಿಸಲವೂ ಅದೇ ಕಲ್ಲಿನ ಮೇಲೆ ನಿಂತು. ಆಮೇಲೆ ಪಡಸಾಲೆಯ ಟಿವಿಗೆ ವಾಯರ್ ಹಚ್ಚಿ ನೋಡಿದೆವು. ಮೂರರಲ್ಲೂ ನಾನೂ ಆಯಿಯೂ ಈಗಷ್ಟೇ ಭಟ್ಟಿಯಿಂದ ತೆಗೆದ ಇಟ್ಟಂಗಿಯಂತೆ ಕೆಂಪಗಿದ್ದೆವು. ಸವದತ್ತಿಯವ ಎದೆ ಉಬ್ಬಿಸಿದ.

"ಪೆಂಡಾಲ ಕೆಂಪೈತಲ್ರಿ ಯಜಮಾನ್ರ, ಮಾರೀನೂ ಕೆಂಪ ಬರತೈತಿ. ಅದಕ್ಕ ಮದವಿ ಕಳೆ ಅಂತಾರ್ರಿ!"

ನೀಲಾ ಎದ್ದು ಹೋಗಿ ಹಗ್ಗದ ಮೇಲೆ ಒಣಗಿದ್ದ ಅಪ್ಪನ ಬಿಳಿ ಧೋತರ ತಂದಳು. ಯಾವುದು ಬಿಳಿ ಎಂಬುದನ್ನು ಕ್ಯಾಮೆರಾಕ್ಕೆ ಮೊದಲು ತೋರಿಸಿಕೊಡಬೇಕು, ಅದು ತಿಳಿದರೆ ಉಳಿದ ಬಣ್ಣಗಳು ತಾವೇ ಸರಿಹೋಗುತ್ತವೆ ಎಂದು ಅವಳು ಕಾಗದದಲ್ಲಿ ಓದಿದ್ದಳು. ದೊಡ್ಡ ಕ್ಯಾಮೆರಾದಲ್ಲಿ ಅದರ ಗುಂಡಿ ಇತ್ತು, ಆದರೆ ಒತ್ತಿದರೆ ಒಳಗೇ ಹೋಗಿ ಕೂತಿತು. ದುಬೈಯದ್ದರಲ್ಲಿ ಗುಂಡಿಯೇ ಇರಲಿಲ್ಲ. ಸಣ್ಣದರಲ್ಲಿ ಇತ್ತು. ಕೆಂಪು ನೆರಳಿನಲ್ಲಿ, ಆಯಿಯ ಮುಖದ ಮುಂದೆ ಧೋತರ ಹಿಡಿದು, ಗುಂಡಿ ಒತ್ತಿ, ಧೋತರ ಸರಿಸಿ ಮತ್ತೆ ತೆಗೆದಳು. ಟಿವಿಯಲ್ಲಿ ಆಯಿಯ ಗೋಧಿ ಬಣ್ಣದ ಕೆನ್ನೆ ಬಂತು, ಹಣೆಯ ಮೇಲಿನ ಹಚ್ಚೆಯ ಹಸಿರು ಬಂತು, ಮದುಮಗಳೆಂದು ತೊಡಿಸಿದ್ದ ಬಳೆಯ ಹಸಿರು ಬೇರೆಯಾಗಿ ಬಂತು. ಆಯಿ ಟಿವಿಯ ಹತ್ತಿರ ಹೋಗಿ ಗಾಜಿನ ಮೇಲೆ ಕೈ ಇಟ್ಟಳು.

"ಯವ್ವಾ! ನಾ ಇಲ್ಲೆ ಅದೇನಿ ನೋಡು!"

ಅಪ್ಪನಿಗೆ ಮಾತ್ರ ಗಾತ್ರದ್ದೇ ಚಿಂತೆ.

"ಇಷ್ಟ ಸಣ್ಣದು ಹಿಡಕೊಂಡು ಹೋದ್ರ ಈರಣ್ಣ ಸುಣ್ಣದ ಡಬ್ಬಿ ತಂದಾನ ಅಂತಾರು. ಹೆಗಲ ಮ್ಯಾಲ ಇದ್ರ ಮಂದಿ ಹಾದಿ ಬಿಡತಾರು."

"ಅಪ್ಪಾ, ಮಂದಿ ಆಮ್ಯಾಲ ಕುಂತು ನೋಡೂದು ಕ್ಯಾಮೆರಾನ ಅಲ್ಲ, ಟಿವಿ."

ಅಪ್ಪ ಸಣ್ಣದಕ್ಕೇ ಹೂಂ ಅಂದು ಹೊಸದನ್ನು ತರಿಸಲು ಹೇಳಿದ. ಆದರೆ ಅವನ ಬಾಯಲ್ಲಿ ಬಂದ ಹೆಸರು ಈರಣ್ಣ ಎಂಬುದನ್ನು ನಾನು ಕೇಳಿಸಿಕೊಂಡೆ. ನೀಲಾ ಧೋತರ ಮಡಚುತ್ತಿದ್ದಳು, ಅವಳು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ಒಳಗೊಳಗೇ ಬಾಸಿಂಗ ಕಟ್ಟಿಕೊಂಡ ಹಾಗೆ ನನಗೆ ಖುಷಿಯಾಯಿತು. ಈಗ ಆ ಹುಡುಗನ ಕೆನ್ನೆಗೆ ಬಾರಿಸಬೇಕೆನಿಸುತ್ತದೆ. ಅವನು ಸಿಗುವುದಿಲ್ಲ. ನಾನು ಸಿಗುತ್ತೇನೆ.

ಕ್ಯಾಮೆರಾ ಬರುವ ಮುನ್ನ ಸಂಪಗಾಂವದಿಂದ ಅಪ್ಪನ ಅಕ್ಕ ಬಂದಳು. ನಮ್ಮ ಅತ್ತಿ. ಚಹಾ ಬಸಿಗೆ ಸುರುವಿಕೊಂಡು ಊದುತ್ತ ಅಪ್ಪನಿಗೆ ಹೇಳಿದಳು.

"ಗಂಡಸರ ನಡುವ ನಿಂತು ಕಣ್ಣಿಗೆ ಅದನ್ನ ಹಚಗೊಂಡು ಒಬ್ಬೊಬ್ಬರ ಮಾರಿ ನೋಡೂ ಹುಡಿಗಿನ್ನ ಯಾವ ಬೀಗರು ಒಯ್ತಾರೋ? ಗಂಡಮಗಾ ಅದಾನಲ್ಲ ಎದಿ ಮಟ್ಟ. ಅವನನ್ನೇನ ಹಳ್ಳಾ ಕಾಯಾಕ ಇಟ್ಟೀಯೇನು?"

ಒಂದು ಬಸಿ ಚಹಾ ಮುಗಿಯುವುದರೊಳಗೆ ಅಪ್ಪನ ಮಾತು ತಿರುಗಿತು. ಮಗಳು ರಾತ್ರಿ ಹಗಲು ಓದಿ, ಮೂವರು ಗಂಡಸರನ್ನು ಕುರ್ಚಿಯ ಮೇಲೆ ಕೂಡಿಸಿ, ಹೋಲಿಸಿ ಗೆದ್ದದ್ದು ಒಂದು ಬಸಿ ಚಹಾದ ಮುಂದೆ ನಿಲ್ಲಲಿಲ್ಲ.

ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ಕೆಲಸದ ಸಾಮಾನು ಹೊಸದಾಗಿ ಬಂದರೆ ದೇವರ ಜಗಲಿಯ ಮೇಲೆ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆ ಹಿರಿಯಳಾದ ಆಯಿ ಅದನ್ನು ಎತ್ತಿ ಒಬ್ಬರ ಕೈಗೆ ಕೊಡುತ್ತಿದ್ದಳು. ಯಾರ ಕೈಗೆ ಕೊಟ್ಟಳೋ ಅದು ಅವರದು. ಹೊಲಿಗೆ ಮಷೀನು ಅವ್ವನ ಕೈಗೆ ಹೋಗಿತ್ತು, ಅಪ್ಪ ಕೂಡ ಕೇಳದೆ ಮುಟ್ಟುತ್ತಿರಲಿಲ್ಲ. ಕ್ಯಾಮೆರಾ ಬಂದ ಬೆಳಿಗ್ಗೆ ನೀಲಾ ತಲೆ ಮೇಲೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಲಂಗ ಉಟ್ಟು, ಜಗಲಿಯ ಮುಂದೆ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು. ಆಯಿ ಕ್ಯಾಮೆರಾವನ್ನು ಹೊಸ ಬಿಳಿ ಟವೆಲಿನಲ್ಲಿ ಕೂಸಿನಂತೆ ಎತ್ತಿಕೊಂಡು ನೀಲಾಳ ಕಡೆ ತಿರುಗಿದಳು.

"ಅಲ್ಲೆಲ್ಲಿ ಕೊಡತೀ ಬೇ," ಅಪ್ಪ ಅಂದ. "ಹುಡುಗನ ಕೈಗೆ ಕೊಡು."

ನೀಲಾ ಅಪ್ಪನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಆಯಿಯೂ ನನ್ನನ್ನೇ ನೋಡಿದಳು.

"ಆರಿಸಿದಾಕಿ ಈಕಿ. ನಿಮ್ಮಪ್ಪ ಮಾತ ಕೊಟ್ಟಿದ್ದ, ಈಗ ನುಂಗಾಕತ್ತಾನ. ನೀ ಹೇಳೋ ಈರಣ್ಣ. ನೀ ಹೇಳಿದಂಗ ಮಾಡತೇನಿ. ಯಾರ ಕೈಗೆ ಕೊಡ್ಲಿ?"

ಆಯಿ ಅಪ್ಪನ ಮಾತು ಮೀರಿ ನನ್ನನ್ನು ಕೇಳಿದ್ದಳು. ನಾನು ಹೇಳಿದ್ದರೆ ಆ ಮನೆಯಲ್ಲಿ ಅದು ನಡೆಯುತ್ತಿತ್ತು, ದೇವರ ಮುಂದೆ ಆಯಿ ಎತ್ತಿದ್ದನ್ನು ಅಪ್ಪ ಕಸಿಯುತ್ತಿರಲಿಲ್ಲ. ನಾನು ಎರಡೂ ಕೈ ಚಾಚಿದೆ. ಕೊಪ್ಪರಿಗೆಯಲ್ಲಿ ನನ್ನ ಬಾಯಿ ಮುಚ್ಚಿ ನನ್ನನ್ನು ಏಟಿನಿಂದ ಉಳಿಸುತ್ತಿದ್ದವಳ ಎದುರಿಗೆ, ಬಾಯಿ ಮುಚ್ಚಿಕೊಂಡು ಕೈ ಚಾಚಿದೆ. ಆಯಿ ಕೊಟ್ಟಳು. ಕೊಡುವಾಗ ನನ್ನ ಕೈಯನ್ನು ಮುಟ್ಟದ ಹಾಗೆ ಕೊಟ್ಟಳು.

ನೀಲಾ ಅಳಲಿಲ್ಲ. ಅದಾದ ಮೇಲೆ ತಿಂಗಳುಗಟ್ಟಲೆ ಪಡಸಾಲೆಯಲ್ಲಿ ಕೂತು ಇಂಗ್ಲಿಷ್ ಪುಸ್ತಕ ಓದಿ ನನಗೆ ಒಂದೊಂದು ಗುಂಡಿ ಕಲಿಸಿದಳು. ಕಲಿಸದೆ ಇರಬಹುದಿತ್ತು. ಕಲಿಸದಿದ್ದರೆ ನಾನು ಮೊದಲ ಮದುವೆಯಲ್ಲೇ ಹೆಸರು ಕೆಡಿಸಿಕೊಂಡು ಮತ್ತೆ ಗೂಟ ಬಡಿಯುತ್ತಿದ್ದೆ. ಬದಲಿಗೆ ನನಗೆ ಹೆಸರು ಬಂತು. ಪ್ರತಿ ಮದುವೆಯಲ್ಲೂ ಅಕ್ಕಿಕಾಳಿಗೆ ಮೊದಲು ಮದುಮಗಳ ಮುಖದ ಮುಂದೆ ಬಿಳಿ ಟವೆಲ್ ಹಿಡಿದು ಗುಂಡಿ ಒತ್ತುತ್ತಿದ್ದೆ. ಜನ ಅದನ್ನೊಂದು ಶಾಸ್ತ್ರ ಎಂದುಕೊಂಡರು. ಚಚಡಿಯ ವಾಡೆಯ ಮದುವೆಯೊಂದರಲ್ಲಿ ಹಿರಿಯರು "ಟವೆಲ್ ಹಿಡಿಯೋರು ಬರಲಿ, ಆಮ್ಯಾಲ ಅಕ್ಕಿಕಾಳ ಒಗೀರಿ" ಎಂದು ಭಟಜಿಯನ್ನೇ ತಡೆದರು. ಬೀಗರಿಗೆ ಉಡುಗೊರೆ ಕೊಡುವ ಹಾಗೆ ಹೊಸ ಟವೆಲಿನ ಮೇಲೆ ಕಾಯಿ ಇಟ್ಟು ನನಗೆ ಆಯೇರಿ ಮಾಡಿದರು. ಅದನ್ನು ನೋಡಿ ಬೇರೆಯವರೂ ಮಾಡತೊಡಗಿದರು. ಬಗ್ಗಿ ಬಗ್ಗಿ ತೆಗೆದುಕೊಂಡೆ. ಯಾರು ಕಲಿಸಿದರು ಎಂದು ಕೇಳಿದರೆ "ಅನುಭವ ರೀ" ಎನ್ನುತ್ತಿದ್ದೆ. ಅನುಭವವಂತೆ! ಬರೆಯುವಾಗ ಪೆನ್ನು ಮುರಿಯಬೇಕೆನಿಸುತ್ತದೆ.

ನೀಲಾಳನ್ನು ರಾಮದುರ್ಗದ ಕಡೆ, ತೊರಗಲ್ಲಿಗೆ ಕೊಟ್ಟೆವು. ಅವಳ ಮದುವೆಗೂ ನಮ್ಮದೇ ಪೆಂಡಾಲ, ಅದೇ ಕೆಂಪು, ಅದೇ ಕ್ಯಾಮೆರಾ, ನಾನು. ಬೆಳಗಿನಿಂದ ಗಡಿಬಿಡಿ. ನಾನು ಟವೆಲ್ ಹಿಡಿಯದೆ ನೇರ ತೆಗೆಯಲು ಶುರು ಮಾಡಿದೆ. ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕೂತಿದ್ದವಳು ತಲೆ ಎತ್ತಿದಳು. ಕ್ಯಾಮೆರಾದೊಳಗೇ ನೋಡಿ ಮೆಲ್ಲಗೆ ಹೇಳಿದಳು:

"ಬಿಳಿ ತೋರಸೋ ಅಣ್ಣಾ. ಇಲ್ಲಂದ್ರ ನಾ ಕೆಂಪಗ ಬರತೇನಿ."

ಪಕ್ಕದಲ್ಲಿದ್ದ ಮದುಮಗನ ಗೆಳೆಯರು ಕೇಳಿಸಿಕೊಂಡು ನಕ್ಕರು.

"ಏನಪಾ ವಿಡಿಯೋ ಮಾಸ್ತರ, ಮದಮಗಳ ನಿನಗ ಸಾಲಿ ಕಲಸಾಕತ್ತಾಳಲ್ಲ!"

ಟವೆಲ್ ನನ್ನ ಹೆಗಲ ಮೇಲೇ ಇತ್ತು. ತೆಗೆದು ಹಿಡಿಯಲು ಒಂದು ಕ್ಷಣ ಸಾಕಿತ್ತು.

"ಸುಮ್ಮ ಕುಂಡ್ರು," ಅಂದೆ. "ನನಗ ಗೊತ್ತೈತಿ."

ಅವಳು ತಲೆ ತಗ್ಗಿಸಿದಳು. ಊರ ಹೆಣ್ಣುಮಕ್ಕಳೆಲ್ಲರ ಮುಖವನ್ನು ಅವರವರ ಬಣ್ಣದಲ್ಲಿ ತೋರಿಸಿದ ನಾನು, ಅದನ್ನು ಕಲಿಸಿದವಳ ಮುಖವನ್ನು ಮೊದಲಿನಿಂದ ಕೊನೆಯವರೆಗೆ ಇಟ್ಟಂಗಿ ಮಾಡಿ ಇಟ್ಟೆ.

ಅಪ್ಪ ಈಗಿಲ್ಲ. ಆಯಿ ಅದಕ್ಕೂ ಮೊದಲೇ ಹೋದಳು. ಕ್ಯಾಮೆರಾ ಕೆಟ್ಟು ಯಾವ ಕಾಲವೋ ಆಯಿತು, ಈಗ ಎಲ್ಲರ ಕೈಯಲ್ಲೂ ಮೊಬೈಲು. ಈ ವಿಷಯ ಎತ್ತಿದರೆ ಅವ್ವ ಹೇಳುವುದು ಒಂದೇ ಮಾತು, "ಆಗಿನ ಕಾಲಾನ ಹಂಗಿತ್ತು ಬಿಡೋ." ಈ ಮಾತು ಕೇಳಿದರೆ ನನ್ನ ತಲೆ ಸಿಡಿಯುತ್ತದೆ. ಕಾಲ ಬಂದು ಕೈ ಚಾಚಿತೇ? ಅದೇ ಕಾಲದಲ್ಲಿ, ಅಕ್ಷರ ಬಾರದ ಒಬ್ಬ ಮುದುಕಿ ಮಗನ ಮಾತಿಗೆ ಅಡ್ಡ ನಿಂತು ಕೇಳಿದ್ದಳು. ಕಾಲ ಅವಳ ಬಾಯಿ ಕಟ್ಟಲಿಲ್ಲ.

ಈ ಸಲ ನೀಲಾಳ ಮಗಳು ಸುಮಾಳ ಮದುವೆ ಗೊತ್ತಾಯಿತೆಂದು ಸೋದರಮಾವನಾಗಿ ತೊರಗಲ್ಲಿಗೆ ಹೋದೆ. ಮನೆ ತುಂಬ ಜನ. ಸುಮಾ ತಾಯಿಯ ಮದುವೆಯ ಹಳೆಯ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದು ಟಿವಿಗೆ ಹಚ್ಚಿದಳು. ಎಲ್ಲರೂ ನಗತೊಡಗಿದರು.

"ಅವ್ವಾ, ಏನ ಬೇ ಇದು! ಕೆಂಪ ಮಂಗ್ಯಾನಗತೆ ಅದೀಯಲ್ಲ!"

"ಆಗಿನ ಕ್ಯಾಮೆರಾ ಹಂಗ ಇದ್ದೂವವಾ," ನೀಲಾಳ ಗಂಡ ಅಂದ. ಒಳ್ಳೆಯ ಮನುಷ್ಯ. ನನ್ನ ಮರ್ಯಾದೆ ಉಳಿಸಲು ಅಂದ.

ಟಿವಿಯಲ್ಲಿ ನೀಲಾ ತಲೆ ಎತ್ತಿದಳು. ತುಟಿ ಅಲುಗಿತು. ವಾಲಗದ ಸದ್ದಿನಲ್ಲಿ ಮಾತು ಕೇಳಲಿಲ್ಲ.

"ಇಲ್ಲೆ ಏನ ಅನ್ನಾಕತ್ತೀ ಅವ್ವಾ?"

"ಯಾರಿಗೆ ನೆಪ್ಪೈತಿ," ನೀಲಾ ಅಂದಳು. ಕೈಯಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು, ಟಿವಿಯನ್ನು ನೋಡುತ್ತಿರಲಿಲ್ಲ. ಸುಮಾ ಎಲ್ಲರನ್ನೂ ಒತ್ತಟ್ಟಿಗೆ ಕೂಡಿಸಿ ಫೋಟೋ ತೆಗೆಸಲು ಮೊಬೈಲ್ ಯಾರಿಗೆ ಕೊಡುವುದೆಂದು ಸುತ್ತ ನೋಡಿದಳು. ನಾನು ನೀಲಾಳ ಕಡೆ ಕೈ ಮಾಡಿದೆ.

"ಅವ್ವಗ ಬ್ಯಾಡ ಮಾಮಾ, ಆಕೀಗೆ ಬರೂದಿಲ್ಲ. ಇಂದಿಗೂ ಒಂದ ಫೋಟೋ ತಗದಾಕಿ ಅಲ್ಲ."

"ಹೂಂನವಾ," ನೀಲಾ ನಕ್ಕಳು. "ನನಗ ಎಲ್ಲಿ ಬರತೈತಿ ಅದು."

ಬರುವುದಿಲ್ಲವಂತೆ. ಬೈಲಹೊಂಗಲದ ಹಿತ್ತಲಲ್ಲಿ ಒಂದೇ ಕಲ್ಲಿನ ಮೇಲೆ ನಿಂತು ಮೂರು ಕ್ಯಾಮೆರಾ ಹಿಡಿದವಳು, ಹೆತ್ತ ಮಗಳ ಮುಂದೆ ತನಗೆ ಬರುವುದಿಲ್ಲ ಎಂದು ಒಪ್ಪಿಕೊಂಡು ನಗುತ್ತಿದ್ದಳು. ಅಷ್ಟು ವರ್ಷ ಹಾಗೆಯೇ ನಗುತ್ತಿದ್ದಿರಬೇಕು. ನಾನು ಎದ್ದು ನಿಂತೆ.

"ಅದನ್ನ ಅಲ್ಲೇ ನಿಲ್ಲಸವಾ ಸುಮಾ," ಅಂದೆ. "ಕ್ಯಾಮೆರಾ ಚಲೋನ ಇತ್ತು. ಅದನ್ನ ಆರಿಸಿದಾಕಿ ನಿಮ್ಮವ್ವ. ನನಗ ಹಿಡಿಯಾಕ ಕಲಿಸಿದಾಕೀನೂ ಆಕೀನ. ಅಲ್ಲೆ ಆಕಿ 'ಬಿಳಿ ತೋರಸೋ ಅಣ್ಣಾ' ಅನ್ನಾಕತ್ತಾಳ. ನಾ ತೋರಸಲಿಲ್ಲ. ಬೇಕಂತ ತೋರಸಲಿಲ್ಲ."

ನೀಲಾ ತಟ್ಟೆಯನ್ನು ಕೆಳಗಿಟ್ಟಳು.

"ಮಂದ್ಯಾಗ ಯಾಕೋ ಅಣ್ಣಾ ಈಗ ಅದೆಲ್ಲಾ. ಚಾ ಆರತೈತಿ, ಕುಡಿ."

"ಆರಲಿ. ಮಂದ್ಯಾಗ ಮಾಡಿದ್ದು, ಮಂದ್ಯಾಗ ಹೇಳತೇನಿ. ಆಯಿ ಕೇಳಿದಾಗ ನಿನ್ನ ಹೆಸರು ಹೇಳಬೇಕಾಗಿತ್ತು ನೀಲಾ. ಹೇಳಲಿಲ್ಲ, ಕೈ ಚಾಚಿದ್ನಿ. ಅದು ನಿಂದಾಗಿತ್ತು. ತಪ್ಪು ಅಪ್ಪಂದಲ್ಲ, ಅತ್ತೀದಲ್ಲ, ಕಾಲದ್ದಲ್ಲ. ನಂದು. ನನ್ನ ತಪ್ಪಾತವಾ ತಂಗಿ."